ಈರುಳ್ಳಿಯ ಬೇರು, ನಮ್ಮತ್ತೆಯ ಪ್ರಶ್ನೆ

ಮದುವೆಯಾಗಿ ಕೊಯಮತ್ತೂರಿನ ಹತ್ತಿರದ ಸೋಮನೂರಿಗೆ ಬಂದಾಗ ನನ್ನ ಬಿ.ಎಸ್ಸಿ. ಮುಗಿಯಲು ಇನ್ನೂ ಒಂದು ವರ್ಷ ಬಾಕಿಯಿತ್ತು. ಓದು ನಿಲ್ಲಿಸುವುದು ಬೇಡ ಎಂದು ಮೊದಲು ಹೇಳಿದವರು ನಮ್ಮತ್ತೆಯೇ. ಹೆಣ್ಣು ನೋಡಲು ಪೋತ್ತನೂರಿನ ನಮ್ಮ ಮನೆಗೆ ಬಂದಿದ್ದ ದಿನ ಕಾಫಿ ಲೋಟ ಕೆಳಗಿಟ್ಟು, ನನ್ನನ್ನೇ ನೋಡುತ್ತಾ, "ಒಂದ್ ವರ್ಸ ತಾನೆ? ಓದಿ ಮುಗ್ಸಲಿ. ಅರ್ಧ ನೆಯ್ದ ಬಟ್ಟೇನ ಯಾರಾದ್ರೂ ಮಗ್ಗದಿಂದ ಕುಯ್ತಾರಾ?" ಅಂದರು. ರೈಲ್ವೆ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದ ನನ್ನ ಅಪ್ಪನಿಗೆ ಆ ಒಂದು ಮಾತೇ ಸಾಕಾಯಿತು. ಸಂಬಂಧ ಕೂಡಿಬಂತು.

ಅದು ಎಂಬತ್ತರ ದಶಕದ ನಡುಗಾಲ. ನಮ್ಮದು ತಲೆತಲಾಂತರದಿಂದ ಆ ಸೀಮೆಯಲ್ಲೇ ನೆಲೆಸಿದ ನೇಯ್ಗೆಯವರ ಕುಲ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಕನ್ನಡ ಓದಲು ಬರೆಯಲು ನಮ್ಮಲ್ಲಿ ಯಾರಿಗೂ ಬರುತ್ತಿರಲಿಲ್ಲ; ಈ ಅಕ್ಷರಗಳನ್ನು ನಾನು ಕಲಿತದ್ದು ತಲೆ ನರೆಯತೊಡಗಿದ ಮೇಲೆ. ಗಂಡನ ಮನೆಯಲ್ಲಿ ಇದ್ದವರು ಮೂವರೇ: ಅತ್ತೆ, ಅವರ ಒಬ್ಬನೇ ಮಗ, ನಾನು. ಮಾವ ತೀರಿಹೋಗಿ ಬಹಳ ಕಾಲವಾಗಿತ್ತು. ಮನೆಗೆ ಅಂಟಿಕೊಂಡಂತೆ ಒಂದು ತಗಡಿನ ಶೆಡ್ಡು, ಅದರೊಳಗೆ ನಾಲ್ಕು ಪವರ್ ಲೂಮು. ಮಗ್ಗಗಳನ್ನು ನೋಡಿಕೊಳ್ಳುತ್ತಿದ್ದವರು ನನ್ನ ಗಂಡ. ಅತ್ತೆ ಶೆಡ್ಡಿನ ಬಾಗಿಲಲ್ಲಿ ಕೂತು ಲಾಳಿಗೆ ಬೇಕಾದ ನೂಲು ಸುತ್ತುತ್ತಿದ್ದರು. ಹೊಸದರಲ್ಲಿ, ಅತ್ತೆ ಸದಾ ನನ್ನನ್ನು ಬಯ್ಯುತ್ತಿದ್ದಾರೆ ಎಂದು ಹೆದರುತ್ತಿದ್ದೆ. ಮಗ್ಗದ ಸದ್ದಿನಲ್ಲಿ ಬಾಳಿದವರು ಉಪ್ಪು ಬೇಕಾದರೂ ಕೂಗಿಯೇ ಕೇಳುತ್ತಾರೆ ಎನ್ನುವುದು ತಿಳಿಯಲು ಒಂದು ತಿಂಗಳು ಹಿಡಿಯಿತು.

ಬೆಳಿಗ್ಗೆ ಬಸ್ಸು ಹತ್ತಿ ಗಾಂಧಿಪುರಂನಲ್ಲಿ ಇಳಿದು, ಇನ್ನೊಂದು ಬಸ್ಸಿನಲ್ಲಿ ಕಾಲೇಜಿಗೆ ಹೋಗುತ್ತಿದ್ದೆ. ನನ್ನದು ಸಸ್ಯಶಾಸ್ತ್ರ. ಕೊನೆಯ ವರ್ಷ ಜೀವಕೋಶಗಳ ಪಾಠವೇ ಹೆಚ್ಚು. ಅದನ್ನು ಕಲಿಸುತ್ತಿದ್ದ ಮೇಡಂ ಸಣ್ಣ ಆಳು, ಮೆಲ್ಲಗಿನ ದನಿ. ಆದರೆ ಪುಸ್ತಕದಲ್ಲಿ ತಪ್ಪು ಕಂಡರೆ ಬಿಡುತ್ತಿರಲಿಲ್ಲ. ಕೋಶ ಒಂದು ಸಲ ಒಡೆದು ಎರಡಾಗುವುದಕ್ಕೂ ಮುಂದಿನ ಸಲ ಒಡೆಯುವುದಕ್ಕೂ ನಡುವಿನ ಕಾಲಕ್ಕೆ ನಮ್ಮ ಪುಸ್ತಕದಲ್ಲಿ 'ವಿಶ್ರಾಂತಿಯ ಹಂತ' ಎಂದು ಬರೆದಿತ್ತು. ಅದನ್ನು ಎಲ್ಲರ ಕೈಯಲ್ಲೂ ಹೊಡೆದು ಹಾಕಿಸಿದರು.

"ಮನೆಯಲ್ಲಿ ಮದುವೆ ಇದೆ ಅಂತ ಇಟ್ಟುಕೊಳ್ಳಿ. ತಾಳಿ ಕಟ್ಟುವುದು ಒಂದು ಗಳಿಗೆ. ಅದಕ್ಕೆ ಮೊದಲು ಚಪ್ಪರ ಹಾಕಬೇಕು, ಅಕ್ಕಿ ಆರಿಸಬೇಕು, ಬಟ್ಟೆ ತರಬೇಕು. ಅದನ್ನೆಲ್ಲ ವಿಶ್ರಾಂತಿ ಅನ್ನುತ್ತೀರೇನಮ್ಮಾ?" ಎಂದು ತಮಿಳಿನಲ್ಲಿ ಕೇಳಿದರು. ನಾವೆಲ್ಲ ನಕ್ಕೆವು. ಆಮೇಲೆ ಹಲಗೆಯ ಮೇಲೆ ಚಿತ್ರ ಬರೆದು ಬಿಡಿಸಿ ಹೇಳಿದರು. ಕೋಶ ಮೊದಲು ಸುಮ್ಮನೆ ಬೆಳೆಯುತ್ತದೆ. ಬೆಳೆದ ಮೇಲೆ, ತನ್ನ ನಡುವಿನ ಕೇಂದ್ರದಲ್ಲಿರುವ ವಂಶದ ಎಳೆಗಳಿಗೆ ಒಂದೊಂದು ಜೋಡಿ ಮಾಡಿಕೊಳ್ಳುತ್ತದೆ. ಮತ್ತೆ ಸ್ವಲ್ಪ ಬೆಳೆದು ಸಾಮಗ್ರಿ ಕೂಡಿಹಾಕುತ್ತದೆ. ಇಷ್ಟೂ ಆಗುವವರೆಗೆ ಹೊರಗಿನಿಂದ ನೋಡಿದರೆ ಏನೂ ಕಾಣುವುದಿಲ್ಲ. ಕಾಣುವ ಭಾಗ ಕೊನೆಯ ಚೂರು ಹೊತ್ತಿನದು: ಎಳೆಗಳು ದಪ್ಪವಾಗುತ್ತವೆ, ನಡುವೆ ಸಾಲುಗಟ್ಟುತ್ತವೆ, ಜೋಡಿ ಬಿಟ್ಟು ಎರಡು ಕಡೆಗೆ ಸರಿಯುತ್ತವೆ, ಮಧ್ಯೆ ಒಂದು ಗೋಡೆ ಏಳುತ್ತದೆ.

ದೀಪಾವಳಿಯ ಹೊತ್ತಿಗೆ ನಾನು ಬಸುರಿ ಎನ್ನುವುದು ತಿಳಿಯಿತು. ಕಾಲೇಜಿನ ಲ್ಯಾಬಿನಲ್ಲಿ ಆಸಿಡ್ಡು, ಸ್ಪಿರಿಟ್ ದೀಪ, ಬಣ್ಣದ ದ್ರವ, ಎಲ್ಲ ಸೇರಿ ಬರುವ ವಾಸನೆಗೆ ನನ್ನ ಹೊಟ್ಟೆ ತೊಳಸಿ ಬರುತ್ತಿತ್ತು. ಎರಡು ಮೂರು ಸಲ ತರಗತಿಯ ಮಧ್ಯೆ ಹೊರಗೆ ಓಡಿದೆ. ಆಮೇಲೆ ಪ್ರಾಕ್ಟಿಕಲ್ ಇರುವ ದಿನ ಹೋಗುವುದನ್ನೇ ಬಿಟ್ಟೆ.

ಸುದ್ದಿ ಕೇಳಿದ ದಿನ ಅತ್ತೆ ಬೀದಿಗೆಲ್ಲ ಸಕ್ಕರೆ ಹಂಚಿದ್ದರು. ಮಾರನೆಯ ದಿನದಿಂದಲೇ ಬೇರೆ ಹೆಂಗಸಾದರು. ಕೊಡ ಎತ್ತಬೇಡ, ಮಗ್ಗದ ಹತ್ತಿರ ನಿಲ್ಲಬೇಡ, ಹಗ್ಗ ದಾಟಬೇಡ. ಕೊನೆಗೆ ಬಸ್ಸೂ ಬೇಡ. ನನ್ನನ್ನು ಅಮ್ಮಿಣಿ ಎಂದು ಮುದ್ದಿನಿಂದ ಕರೆದೇ ಬೇಡ ಅನ್ನುತ್ತಿದ್ದರು.

"ಈ ವರ್ಸ ಬಿಟ್ಬುಡು ಅಮ್ಮಿಣಿ. ಪರೀಕ್ಷೆ ಎಲ್ಲಿಗೆ ಓಡೋಯ್ತದೆ? ಮುಂದಿನ್ ವರ್ಸ ಬರಿ."

"ನೀವೇ ತಾನೆ ಅತ್ತೆ, ಅರ್ಧ ನೆಯ್ದಿದ್ದನ್ನ ಕುಯ್ಯಬಾರದು ಅಂದಿದ್ದು?"

"ಅಂದೆ. ಈಗ ಬೇಡ ಅಂತೀನಿ."

ನನಗೆ ತುಂಬಾ ಸಿಟ್ಟು ಬಂತು. ಒಪ್ಪಿಸಿ ಕರೆದುಕೊಂಡು ಬಂದು ಈಗ ಮಾತು ತಪ್ಪುತ್ತಿದ್ದಾರೆ, ಎಲ್ಲ ಅತ್ತೆಯರೂ ಒಂದೇ ಎಂದು ಮನಸ್ಸಿನಲ್ಲೇ ಬೈದುಕೊಂಡೆ. ಗಂಡನ ಹತ್ತಿರ ಹೇಳಿಕೊಂಡರೆ, "ಅಮ್ಮ ಸುಮ್ಸುಮ್ನೆ ಹಂಗ್ ಹೇಳೋರಲ್ಲ. ಏನೋ ಭಯ ಅವ್ರಿಗೆ. ಸ್ವಲ್ಪ ದಿನ ತಾಳು, ನಾನ್ ಮಾತಾಡ್ತೀನಿ" ಅಂದರು. ಮಾತಾಡಿದರೋ ಇಲ್ಲವೋ, ಪಾಠದ ತರಗತಿಗಳಿಗೆ ಮಾತ್ರ ಹೋಗಿಬರಲು ಒಪ್ಪಿಗೆ ಸಿಕ್ಕಿತು.

ಹಾಗೆ ಹೋದ ಒಂದು ದಿನ ಮೇಡಂ ನನ್ನನ್ನು ಕರೆದು ಕೂರಿಸಿದರು. "ಉಳಿದದ್ದೆಲ್ಲ ಹೇಗೋ ಸರಿಮಾಡಬಹುದು. ಈರುಳ್ಳಿ ಬೇರಿನಲ್ಲಿ ಕೋಶ ವಿಭಜನೆ ನೋಡುವುದೊಂದನ್ನು ನೀನೇ ಕೈಯಾರೆ ಮಾಡಲೇಬೇಕು. ಪರೀಕ್ಷೆಗೆ ಬಂದರೂ ಬರಬಹುದು. ಒಂದು ಶನಿವಾರ ಬೆಳಿಗ್ಗೆ ಬಾ, ಲ್ಯಾಬು ಖಾಲಿ ಇರುತ್ತೆ, ಕಿಟಕಿ ಎಲ್ಲ ತೆಗೆದಿಡುತ್ತೇನೆ. ಬೇರು ಬಿಟ್ಟ ಈರುಳ್ಳಿ ಮಾತ್ರ ಮನೆಯಿಂದ ತಾ. ಇಲ್ಲಿ ನೀರು ಬದಲಾಯಿಸುವವರಿಲ್ಲದೆ ಎಲ್ಲ ಕೊಳೆತುಹೋಗುತ್ತೆ."

ಸಂಜೆ ಮನೆಗೆ ಬಂದು, ಅಗಲ ಬಾಯಿಯ ಎರಡು ಬಾಟಲಿಗಳಿಗೆ ನೀರು ತುಂಬಿ, ಬುಡ ಮಾತ್ರ ನೀರಿಗೆ ತಾಗುವ ಹಾಗೆ ಒಂದೊಂದು ಈರುಳ್ಳಿ ಕೂರಿಸಿ, ಅಡುಗೆಮನೆಯ ಕಿಟಕಿಯಲ್ಲಿಟ್ಟೆ. ಯಾರಿಗೂ ಹೇಳಲಿಲ್ಲ. ಅತ್ತೆಯ ಜೊತೆ ಮಾತು ಅಷ್ಟಕ್ಕಷ್ಟೇ ಇದ್ದ ಕಾಲ.

ಮೂರನೆಯ ದಿನವೋ ನಾಲ್ಕನೆಯ ದಿನವೋ, ಕಾಲೇಜಿನಿಂದ ಬಂದಾಗ ಕಿಟಕಿ ಖಾಲಿ. ಹಿತ್ತಿಲಲ್ಲಿ ಬಾಟಲಿಗಳು ಚೂರಾಗಿ ಬಿದ್ದಿದ್ದವು. ಬೇರು ಬಿಟ್ಟಿದ್ದ ಈರುಳ್ಳಿಯ ಮೇಲೆ ಬೂದಿ ಸುರಿದಿದ್ದರು. ಅತ್ತೆ ಬಾಗಿಲಲ್ಲಿ ನಿಂತಿದ್ದರು, ಮುಖ ಬಿಳಿಚಿಕೊಂಡಿತ್ತು.

"ಕಿಟಕೀಲಿ ಯಾರೋ ಸೂನಿಯ ಮಾಡಿ ಇಟ್ಟವ್ರೆ. ಬಿಳೀ ಕೂದ್ಲು ಹಂಗೆ ಜೋತಾಡ್ತಿತ್ತು ನೀರಲ್ಲಿ. ನೀನು ಮುಟ್ಬೇಡ!" ಯಾರೋ ಮಾಟ ಮಾಡಿಸಿದ್ದಾರೆ ಎಂದೇ ಅವರು ನಂಬಿದ್ದರು. ನನ್ನ ಹಣೆಗೆ ಆಗಲೇ ವಿಭೂತಿ ಹಚ್ಚಲು ಬಂದರು.

"ಸೂನಿಯ ಅಲ್ಲ ಅತ್ತೆ! ಅದು ನನ್ ಪಾಠ! ನಾನೇ ಇಟ್ಟಿದ್ದು!" ಎಂದು ಕೂಗಿಬಿಟ್ಟೆ. ಕೂಗಿದ್ದೇ ಅಳು ಬಂತು. ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ.

ಅವರು ಒಳಗೆ ಹೋದರು. ಆಮೇಲೆ ನೀರು ತಂದುಕೊಟ್ಟು, ಪಕ್ಕದಲ್ಲಿ ಕೂತರು. "ಈರುಳ್ಳೀಲಿ ಏನ್ ಪಾಠ?" ಎಂದು ಕೇಳಿದರು. ಗೇಲಿಯಲ್ಲ, ನಿಜವಾಗಿಯೇ ಕೇಳಿದ್ದು.

ಹೇಳಲು ಹೊರಟರೆ ನನ್ನ ಮನೆಮಾತಿನಲ್ಲಿ ಒಂದು ಪದವೂ ಇಲ್ಲ. ಕಲಿತದ್ದು ಇಂಗ್ಲಿಷಿನಲ್ಲಿ, ಕೇಳಿದ್ದು ತಮಿಳಿನಲ್ಲಿ. ತಡವರಿಸುತ್ತಾ ಹೇಳಿದೆ: ಈರುಳ್ಳಿಯಾಗಲಿ ನಮ್ಮ ಮೈಯಾಗಲಿ, ಎಲ್ಲ ಸಣ್ಣ ಸಣ್ಣ ಗೂಡುಗಳಿಂದ ಆದದ್ದು, ಕಣ್ಣಿಗೆ ಕಾಣದಷ್ಟು ಸಣ್ಣವು, ಅದಕ್ಕೆ ಸೆಲ್ ಅಂತಾರೆ. ಒಂದು ಗೂಡು ಎರಡಾಗುತ್ತದೆ, ಎರಡು ನಾಲ್ಕಾಗುತ್ತದೆ. ಬೇರು ಉದ್ದವಾಗುವುದು ಹಾಗೆ. ಮೊಣಕಾಲು ತರಚಿದರೆ ಚರ್ಮ ಕೂಡಿಕೊಳ್ಳುವುದೂ ಹಾಗೆ.

"ಬಟ್ಟೆ ಉದ್ದ ಆಗ್ಬೇಕಾದ್ರೆ ಹೊರಗಿಂದ ನೂಲು ಕೊಡ್ಬೇಕು" ಅಂದರು ಅತ್ತೆ. "ಇದಕ್ಕೆ ಯಾರು ಕೊಡ್ತಾರೆ?"

"ಯಾರೂ ಕೊಡಲ್ಲ. ನೀರು, ಸತ್ವ ತಗೊಂಡು ತಾನೇ ಮಾಡ್ಕೊಳ್ತದೆ. ಒಳಗಿರೋ ಎಳೆ ಪೂರಾ ಮೊದ್ಲು ಎರಡೆರಡು ಮಾಡ್ಕೊಂಡು, ಆಮೇಲೆ ಒಡೀತದೆ. ಅದಕ್ಕೇ ಯಾವುದಕ್ಕೂ ಕಮ್ಮಿ ಆಗಲ್ಲ."

ಅವರು ನನ್ನ ಹೊಟ್ಟೆಯ ಕಡೆ ನೋಡಿದರು. "ಇಲ್ಲಿರೋದೂ ಹಂಗೇನಾ?"

"ಹಂಗೇ ಅತ್ತೆ. ಒಂದೇ ಒಂದು ಸೆಲ್ಲಿಂದ ಶುರು."

ಮರುದಿನ ಬೆಳಿಗ್ಗೆ ಕಿಟಕಿಯಲ್ಲಿ ಹೊಸ ಈರುಳ್ಳಿಗಳು ಕೂತಿದ್ದವು. ಮನೆಯಲ್ಲಿದ್ದ ಬಾಟಲಿ, ಲೋಟ ಸಾಲದೆ, ಅತ್ತೆ ಸಾಸಿವೆ ಡಬ್ಬಿಯನ್ನೂ ಖಾಲಿಮಾಡಿ ನೀರು ತುಂಬಿದ್ದರು. ದಿನವೂ ನೀರು ಬದಲಾಯಿಸುವ ಕೆಲಸವನ್ನು ನನಗೆ ಬಿಡಲೇ ಇಲ್ಲ.

ಶನಿವಾರ ಬಂತು. ನನ್ನನ್ನು ಒಬ್ಬಳನ್ನೇ ಕಳಿಸಲು ಒಪ್ಪದೆ ತಾವೂ ಹೊರಟರು. ಬೇರು ಚೆನ್ನಾಗಿ ಬಿಟ್ಟಿದ್ದ ಎರಡು ಬಾಟಲಿಗಳನ್ನು ಪ್ಲಾಸ್ಟಿಕ್ ವಯರಿನ ಬುಟ್ಟಿಯಲ್ಲಿಟ್ಟು, ಸುತ್ತ ಹಳೇ ಸೀರೆ ತುರುಕಿ, ಆ ಬುಟ್ಟಿಯನ್ನು ತೊಡೆಯ ಮೇಲೆ ಹಿಡಿದು ಬಸ್ಸಿನಲ್ಲಿ ಕೂತರು. ಕಂಡಕ್ಟರು ಇಣುಕಿ ನೋಡಿ, ಏನಮ್ಮಾ, ನಾಟಿ ಔಷಧಿಯಾ ಎಂದು ತಮಿಳಿನಲ್ಲಿ ಕೇಳಿದ. "ಕಾಲೇಜ್ ಪಾಡಂ, ಸಾಮಿ" ಎಂದು ಅತ್ತೆ ಬಹಳ ಗಂಭೀರವಾಗಿ ಹೇಳಿದರು. ಪಾಠವಂತೆ! ನನಗೆ ನಗು ತಡೆಯಲಾಗಲಿಲ್ಲ. ಎಷ್ಟೋ ದಿನದ ಮೇಲೆ ನಾವಿಬ್ಬರೂ ಒಟ್ಟಿಗೆ ನಕ್ಕದ್ದು ಅಂದು.

ಮೇಡಂ ಹೇಳಿದಂತೆಯೇ ಕಿಟಕಿಗಳನ್ನೆಲ್ಲ ತೆರೆದಿಟ್ಟಿದ್ದರು. ಅತ್ತೆಗೆ ಒಂದು ಸ್ಟೂಲು ಕೊಟ್ಟು ಕೂರಿಸಿದರು. ನಾನು ಬೇರಿನ ತುದಿಯನ್ನು ಅಕ್ಕಿಕಾಳಿಗಿಂತ ಚಿಕ್ಕದಾಗಿ ಕತ್ತರಿಸಿಕೊಂಡೆ. ಬೇರಿನಲ್ಲಿ ಬೆಳೆಯುವ ಭಾಗ ಆ ತುದಿ ಮಾತ್ರ. ಸ್ವಲ್ಪ ಮೇಲಕ್ಕೆ ಹೋದರೆ ಕೋಶಗಳು ಒಡೆಯುವುದನ್ನು ನಿಲ್ಲಿಸಿ ಬೇರೆ ಬೇರೆ ಕೆಲಸಕ್ಕೆ ಹೊರಟಿರುತ್ತವೆ. ಗಾಜಿನ ತಟ್ಟೆಯಲ್ಲಿ ಕೆಂಪು ದ್ರವ, ಅದಕ್ಕೆ ನಾಲ್ಕು ಹನಿ ಆಸಿಡ್ಡು, ಅದರೊಳಗೆ ಬೇರಿನ ತುದಿ. ದೀಪದ ಮೇಲೆ ಹಿಡಿದು ಬೆಚ್ಚಗೆ ಮಾಡಿದಾಗ ಆವಿ ಮೂಗಿಗೆ ಬಡಿಯಿತು. ಅತ್ತೆ ಸೊಂಟದಿಂದ ನಿಂಬೆಹಣ್ಣು ತೆಗೆದು ನನ್ನ ಮೂಗಿನ ಹತ್ತಿರ ಹಿಡಿದು ನಿಂತರು. ಮುಗಿಯುವವರೆಗೂ ಹಾಗೇ ನಿಂತಿದ್ದರು.

ಬಣ್ಣ ಹಿಡಿದ ತುದಿಯನ್ನು ಗಾಜಿನ ಮೇಲಿಟ್ಟು, ತೆಳು ಗಾಜು ಮುಚ್ಚಿ, ಒತ್ತುಕಾಗದ ಇಟ್ಟು ಹೆಬ್ಬೆರಳಿನಿಂದ ಒತ್ತಬೇಕು. ಮೊದಲನೆಯ ಸಲ ಒತ್ತಿದ್ದು ಜಾಸ್ತಿಯಾಗಿ ಗಾಜು ಬಿರುಕುಬಿಟ್ಟಿತು. ಎರಡನೆಯದು ಕೂಡಿಬಂತು. ಮೇಡಂ ಸೂಕ್ಷ್ಮದರ್ಶಕದಲ್ಲಿ ನೋಡಿ, "ಅಬ್ಬಾ, ಎಲ್ಲ ಹಂತವೂ ಇದೆಯಲ್ಲಮ್ಮಾ!" ಅಂದರು. ನಾನು ಕಣ್ಣಿಟ್ಟೆ. ಪುಸ್ತಕದಲ್ಲಿ ಕಪ್ಪು ಗೀರುಗಳಾಗಿದ್ದದ್ದು ಅಲ್ಲಿ ಕೆಂಪಗೆ ಇತ್ತು. ಇಟ್ಟಿಗೆಗಳ ಹಾಗೆ ಸಾಲು ಸಾಲು ಕೋಶ. ಹೆಚ್ಚಿನವು ತಮ್ಮ ಪಾಡಿಗೆ ದುಂಡು ಕೇಂದ್ರ ಇಟ್ಟುಕೊಂಡು ಕೂತಿದ್ದವು. ನಡುನಡುವೆ ಒಂದೊಂದರಲ್ಲಿ ಎಳೆಗಳು ಎದ್ದಿದ್ದವು. ಒಂದರಲ್ಲಿ ಮಧ್ಯೆ ಸಾಲು ನಿಂತಿದ್ದವು, ಇನ್ನೊಂದರಲ್ಲಿ ಎರಡು ಕಡೆಗೆ ಎಳೆದುಕೊಂಡು ಹೊರಟಿದ್ದವು.

"ಅಮ್ಮನೂ ನೋಡಲಿ" ಎಂದು ಮೇಡಂ ಅತ್ತೆಯನ್ನು ಕರೆದರು. ಮೊದಲು ಅವರಿಗೆ ತಮ್ಮ ರೆಪ್ಪೆಯ ಕೂದಲೇ ಕಂಡಿತು. ಯಾವ ಕಣ್ಣು ಮುಚ್ಚಬೇಕೆಂದು ಕಲಿಯಲು ಸ್ವಲ್ಪ ಹೊತ್ತು ಬೇಕಾಯಿತು. ಆಮೇಲೆ ಒಮ್ಮೆಲೇ, "ಅಯ್ಯೋ, ಕೆಂಪು ಕೆಂಪು ಹುಳ!" ಅಂದರು.

ಮೇಡಂ ಪಕ್ಕದಲ್ಲಿ ನಿಂತು ತಮಿಳಿನಲ್ಲಿ ವಿವರಿಸಿದರು. ಇದು ತಾಯಿ ಕೋಶ, ಇದು ಒಡೆದರೆ ಎರಡು ಮಕ್ಕಳ ಕೋಶ ಆಗುತ್ತದೆ. ಆ ಮೂಲೆಯಲ್ಲಿ ನೋಡಿ, ಮಧ್ಯೆ ಗೋಡೆ ಎದ್ದು ಎರಡೂ ಬೇರೆಯಾಗಿವೆ.

ಅತ್ತೆ ಕಣ್ಣು ತೆಗೆಯದೆ ಕೇಳಿದರು: "ಎರಡೂ ಮಕ್ಕಳು. ಹಂಗಾದ್ರೆ ತಾಯಿ ಎಲ್ಲಿ?"

"ತಾಯಿ ಅಂತ ಆಮೇಲೆ ಇರೋದಿಲ್ಲಮ್ಮಾ. ಅದೇ ಈ ಎರಡು ಮಕ್ಕಳಾಗುತ್ತೆ."

ಅತ್ತೆ ತಲೆ ಎತ್ತಿದರು. ಸೆರಗು ಬಾಯಿಗೆ ಒತ್ತಿಕೊಂಡು ಹೊರಗೆ ನಡೆದುಬಿಟ್ಟರು.

ಹಿಂದೆಯೇ ಹೋದೆ. ವರಾಂಡದ ಕಂಬಕ್ಕೆ ಒರಗಿ ನೆಲದ ಮೇಲೆ ಕೂತಿದ್ದರು. ಏನಾಯಿತು ಎಂದು ಕೇಳಿದೆ. ಮಗ್ಗದ ಮನೆಯ ಆ ದೊಡ್ಡ ದನಿಯೆಲ್ಲ ಹೋಗಿ, ಪಿಸುಮಾತಿನಲ್ಲಿ ಹೇಳಿದರು.

"ನಾನ್ ಹುಟ್ಟಿದ್ ದಿನಾನೇ ನಮ್ಮವ್ವ ಸತ್ತೋದ್ಲು, ಅಮ್ಮಿಣಿ. ಮನೇಲೇ ಹೆರಿಗೆ. ರಕ್ತ ನಿಲ್ಲಲಿಲ್ವಂತೆ. ನಮ್ ಚಿಕ್ಕವ್ವ ಸಾಕಿದ್ಲು. ಊಟಕ್ಕೆ ಬಟ್ಟೆಗೆ ಕಮ್ಮಿ ಮಾಡ್ಲಿಲ್ಲ. ಆದ್ರೆ ಯಾರಾದ್ರೂ ಮನೆಗೆ ಬಂದ್ರೆ ಸಾಕು, ತಾಯಿನ ತಿಂದು ಹುಟ್ಟಿದೋಳು ಅಂತ ತೋರ್ಸೋಳು. ನನ್ ಹೆಸರು ಅದೇ ಅಂತ ಅನ್ಕೊಂಡಿದ್ದೆ ಸಣ್ಣೋಳಿದ್ದಾಗ." ಸೆರಗಿನಿಂದ ಮುಖ ಒರೆಸಿಕೊಂಡರು. "ನಿನ್ ಹೊಟ್ಟೆ ತುಂಬ್ತಾ ಬಂದಂಗೆಲ್ಲ ನಂಗೆ ಅದೇ ಭಯ. ಈಗ ಆ ಕನ್ನಡೀಲೂ ಅದೇ ಐತೆ. ಮಗು ಬರ್ಬೇಕಾದ್ರೆ ತಾಯಿ ಹೋಗ್ಬೇಕು."

ನಾನು ಅವರ ಮೇಲೆ ತಿಂಗಳುಗಟ್ಟಲೆ ಕಟ್ಟಿಕೊಂಡಿದ್ದ ಸಿಟ್ಟು ಎಲ್ಲಿ ಹೋಯಿತೋ. ಬಸ್ಸು ಬೇಡ, ಕೊಡ ಬೇಡ ಎಂದದ್ದೆಲ್ಲ ಯಾಕೆ ಎಂದು ಆಗ ತಿಳಿಯಿತು. ಪಕ್ಕದಲ್ಲಿ ಕೂತು ಅವರ ಕೈ ಹಿಡಿದುಕೊಂಡೆ.

"ಅತ್ತೆ, ಅಲ್ಲಿ ಯಾರೂ ಸಾಯ್ಲಿಲ್ಲ. ಸತ್ತಿದ್ರೆ ಹೆಣ ಬೀಳ್ಬೇಕಿತ್ತು ತಾನೆ? ನೀವೇ ನೋಡಿದ್ರಲ್ಲ, ಒಂದು ಚೂರೂ ಬಿಸಾಡಿಲ್ಲ. ಆ ತಾಯೀಲಿ ಏನೇನಿತ್ತೋ ಪೂರ್ತಿ ಎರಡರಲ್ಲೂ ಐತೆ. ಯಾರೂ ಯಾರನ್ನೂ ತಿಂದಿಲ್ಲ."

ಮೇಡಂ ಆಗಲೇ ಬಾಗಿಲಲ್ಲಿ ಬಂದು ನಿಂತಿದ್ದರು. ನಮ್ಮ ಕನ್ನಡ ಅವರಿಗೆ ಅರ್ಧ ತಿಳಿದಿರಬೇಕು, ಉಳಿದದ್ದನ್ನು ನಾನು ತಮಿಳಿನಲ್ಲಿ ಹೇಳಿದೆ. ಅವರು ಬಂದು ಅತ್ತೆಯ ಇನ್ನೊಂದು ಪಕ್ಕ ನೆಲದ ಮೇಲೇ ಕೂತರು.

"ಅಮ್ಮಾ, ಒಂದು ಕೋಶ ಎರಡಾಗುವುದು ಬೇರೆ, ಮಗು ಹುಟ್ಟುವುದು ಬೇರೆ. ತಾಯಿಯ ಮೈ ತನ್ನಲ್ಲಿರುವುದನ್ನು ಕೊಟ್ಟು ಖಾಲಿಯಾಗಿ ಹೋಗುವುದಿಲ್ಲ. ಮಗುವಿನ ಕೋಶಗಳು ತಾವೇ ಬೆಳೆದು ತಾವೇ ಒಡೆಯುತ್ತವೆ. ನಿಮ್ಮ ತಾಯಿ ಹೋದದ್ದು ನೀವು ಬಂದದ್ದಕ್ಕಲ್ಲ, ರಕ್ತ ನಿಲ್ಲದೆ. ಇವತ್ತು ಅದಕ್ಕೆ ಔಷಧಿ ಇದೆ, ಆಸ್ಪತ್ರೆ ಇದೆ. ಇವಳನ್ನು ಮನೆಯಲ್ಲಿ ಹೆರಿಗೆಗೆ ಬಿಡಬೇಡಿ, ಅಷ್ಟೇ."

ಅತ್ತೆ ತಲೆಯಾಡಿಸಿದರು. ನಂಬಿದರೋ ಇಲ್ಲವೋ ನನಗೆ ಗೊತ್ತಾಗಲಿಲ್ಲ. ಆದರೆ ಬಸ್ಸಿಗೆ ಹೋಗುವ ಮೊದಲು, ಇನ್ನೊಂದು ಸಲ ನೋಡಬಹುದಾ ಎಂದು ಕೇಳಿದರು. ಒಳಗೆ ಹೋಗಿ, ಸರಿಯಾದ ಕಣ್ಣು ಮುಚ್ಚಿಕೊಂಡು, ಬಹಳ ಹೊತ್ತು ನೋಡುತ್ತಾ ನಿಂತಿದ್ದರು.

ಮರುವಾರವೇ ನನ್ನನ್ನು ಕೊಯಮತ್ತೂರಿನ ಒಬ್ಬ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದರು. ರಕ್ತ ಕಡಿಮೆ ಇದೆ ಎಂದು ತಿಳಿದದ್ದು ಅಲ್ಲಿಯೇ. ಕಬ್ಬಿಣದ ಮಾತ್ರೆ, ಸೊಪ್ಪು, ಬೆಲ್ಲ ಹಾಕಿದ ಎಳ್ಳುಂಡೆ ಶುರುವಾಯಿತು. ಕಾಲೇಜಿಗೆ ಹೋಗಬೇಡ ಎನ್ನುವ ಮಾತು ಮತ್ತೆ ಬರಲಿಲ್ಲ.

ಪರೀಕ್ಷೆಯ ಹೊತ್ತಿಗೆ ಹೊಟ್ಟೆ ಚೆನ್ನಾಗಿ ಕಾಣುತ್ತಿತ್ತು. ಪ್ರಾಕ್ಟಿಕಲ್‌ನಲ್ಲಿ ಚೀಟಿ ಎತ್ತಿದರೆ ನನಗೆ ಬಂದದ್ದೂ ಬೇರಿನ ತುದಿಯೇ. ಖುಷಿಪಟ್ಟೆ. ಆದರೆ ಅಂದು ಕೊಟ್ಟ ಬೇರುಗಳನ್ನು ಯಾವ ಹೊತ್ತಿನಲ್ಲಿ ಕತ್ತರಿಸಿದ್ದರೋ ಏನೋ, ಎಷ್ಟು ಹುಡುಕಿದರೂ ಒಡೆಯುತ್ತಿರುವ ಒಂದೇ ಒಂದು ಕೋಶ ಸಿಗಲಿಲ್ಲ. ಎಲ್ಲವೂ ದುಂಡು ಕೇಂದ್ರ ಇಟ್ಟುಕೊಂಡು ಸುಮ್ಮನೆ ಕೂತಿದ್ದವು. ಎರಡನೆಯ ಸಲ ಮಾಡಲು ಹೊತ್ತಿರಲಿಲ್ಲ. ಹೊರಗಿನಿಂದ ಬಂದ ಪರೀಕ್ಷಕರು ವಯಸ್ಸಾದವರು. ಇಣುಕಿ ನೋಡಿ, "ಏನಮ್ಮಾ, ಇಲ್ಲಿ ಏನೂ ನಡೆಯುತ್ತಿಲ್ಲವಲ್ಲ?" ಅಂದರು.

ನಾನು ಹೇಳಿದೆ: "ನಡೆಯುತ್ತಿದೆ ಸಾರ್. ಕಾಣುವುದಿಲ್ಲ." ಆಮೇಲೆ ಕೋಶ ಬೆಳೆಯುವುದು, ಎಳೆಗಳಿಗೆ ಜೋಡಿಯಾಗುವುದು, ಮತ್ತೆ ಬೆಳೆದು ಸಿದ್ಧವಾಗುವುದು, ಒಂದೊಂದಾಗಿ ಹೇಳಿದೆ. ಮದುವೆ ಮನೆಯ ಮಾತನ್ನೂ ಸೇರಿಸಿಬಿಟ್ಟೆ. ಅವರು ನಗುತ್ತಾ ಒಂದು ಸ್ಟೂಲು ಎಳೆದುಕೊಟ್ಟು, "ಕೂತುಕೊಂಡು ಹೇಳಮ್ಮಾ" ಅಂದರು. ಅಂಕ ಬಹಳ ಬರಲಿಲ್ಲ, ಪಾಸಾಗಲು ತೊಂದರೆಯೂ ಆಗಲಿಲ್ಲ.

ಚೊಚ್ಚಲ ಹೆರಿಗೆಗೆ ತವರಿಗೆ ಹೋಗುವುದು ವಾಡಿಕೆ. ಪೋತ್ತನೂರಿನಿಂದ ದೊಡ್ಡಾಸ್ಪತ್ರೆ ಹತ್ತಿರ ಎನ್ನುವುದಕ್ಕೇ ಅತ್ತೆ ನನ್ನನ್ನು ಬೇಗ ಕಳಿಸಿದರು. ಕಳಿಸಿದ್ದು ಮಾತ್ರವಲ್ಲ, ದಿನ ಹತ್ತಿರ ಬರುತ್ತಿದ್ದಂತೆ ತಾವೂ ಒಂದು ಚೀಲ ಹಿಡಿದು ಅಪ್ಪನ ರೈಲ್ವೆ ಕ್ವಾರ್ಟರ್ಸಿನ ಬಾಗಿಲಲ್ಲಿ ಬಂದು ನಿಂತರು. ಬೀಗಿತ್ತಿ ಬಂದು ಸೊಸೆಯ ತವರಲ್ಲಿ ಉಳಿಯುವುದು ನಮ್ಮಲ್ಲಿ ಯಾರೂ ಕೇಳದ ಸಂಗತಿ. ಅಮ್ಮನಿಗೆ ಎಲ್ಲಿ ಕೂರಿಸಬೇಕು, ಏನು ಬಡಿಸಬೇಕು ಎಂದೇ ತೋಚದು. ಅತ್ತೆ ಮಾತ್ರ ನೇರ ಅಡುಗೆಮನೆಗೆ ಹೋಗಿ ಈಳಿಗೆಮಣೆ ಎಳೆದುಕೊಂಡು ತರಕಾರಿ ಹೆಚ್ಚಲು ಕೂತರು.

ನೋವು ಶುರುವಾದದ್ದು ಒಂದು ಮುಂಜಾನೆ. ಮಧ್ಯಾಹ್ನಕ್ಕೆ ಮೊದಲೇ ಮಗು ಹುಟ್ಟಿತು, ಹೆಣ್ಣು. ಅದರ ಅಳು ಕೇಳಿದ್ದು ನೆನಪಿದೆ. ಆಮೇಲೆ ಯಾರೋ ಬೇಗ ಬೇಗ ಓಡಾಡಿದ್ದು, ಹೊಟ್ಟೆಯನ್ನು ಜೋರಾಗಿ ಒತ್ತಿದ್ದು, ಡಾಕ್ಟರು ಇಂಜೆಕ್ಷನ್ ಕೇಳಿದ್ದು. ರಕ್ತ ನಿಲ್ಲುತ್ತಿರಲಿಲ್ಲ. ಕಾಲು ತಣ್ಣಗಾಗುತ್ತಾ ಬಂತು. ಮುಂದಿನದನ್ನು ನಾನು ಅಮ್ಮನ ಬಾಯಿಂದ ಕೇಳಿದೆ. ನನ್ನ ಗಂಡನ ರಕ್ತ ನನಗೆ ಹೊಂದುತ್ತದೆ ಎಂದು ತಿಳಿದು ಅವರನ್ನು ಒಳಗೆ ಕರೆದುಕೊಂಡು ಹೋದರಂತೆ. ನರ್ಸು ಮಗುವನ್ನು ಸುತ್ತಿ ತಂದು ಅತ್ತೆಯ ಕೈಗೆ ಕೊಡಲು ಹೋದರೆ ಅತ್ತೆ ಕೈ ಚಾಚಲಿಲ್ಲವಂತೆ.

"ಮೊದ್ಲು ನನ್ ಸೊಸೆನ ತೋರ್ಸು."

"ಮೊಮ್ಮಗಳಮ್ಮಾ, ನೋಡಿ ಎಷ್ಟು ಚೆನ್ನಾಗಿದ್ದಾಳೆ" ಎಂದು ನರ್ಸು ಎಷ್ಟು ಹೇಳಿದರೂ ಅದೇ ಮಾತು. ಕೊನೆಗೆ ಮಗುವನ್ನು ನನ್ನ ಅಮ್ಮ ತೆಗೆದುಕೊಂಡಳು. ರಕ್ತ ನಿಂತು, ನನ್ನನ್ನು ವಾರ್ಡಿಗೆ ತಂದು ಮಲಗಿಸಿದ ಮೇಲೆ ಅತ್ತೆ ಬಂದರು. ನಾನು ಕಣ್ಣು ಬಿಟ್ಟಾಗ ಅವರು ನನ್ನ ಪಾದಗಳನ್ನು ಎರಡೂ ಕೈಯಲ್ಲಿ ಹಿಡಿದು ತಿಕ್ಕುತ್ತಿದ್ದರು.

"ಬೆಚ್ಚಗಾಯ್ತು" ಅಂದರು. "ಇದ್ದೀಯಾ."

"ಇದ್ದೀನಿ ಅತ್ತೆ."

ಆಮೇಲೇ ಅವರು ಮಗುವನ್ನು ಎತ್ತಿಕೊಂಡದ್ದು. ಎತ್ತಿಕೊಂಡವರು ಸಂಜೆಯವರೆಗೆ ಇಳಿಸಲಿಲ್ಲ.

ಕಳೆದುಕೊಂಡ ರಕ್ತವನ್ನೆಲ್ಲ ಮೈ ತಾನೇ ಮಾಡಿಕೊಳ್ಳುತ್ತದೆ, ಎಲುಬಿನ ಮಜ್ಜೆಯಲ್ಲಿ ಕೋಶಗಳು ಒಡೆದು ಒಡೆದು ಹೊಸ ರಕ್ತವಾಗುತ್ತದೆ ಎಂದು ಡಾಕ್ಟರು ಹೇಳಿಹೋದರು. ಪುಸ್ತಕದಲ್ಲಿ ಓದಿದ್ದೆ, ಗೊತ್ತಿದ್ದ ವಿಷಯವೇ. ಆದರೂ ಕೈ ಎತ್ತಲಾಗದೆ ಮಲಗಿದ್ದವಳಿಗೆ, ನಾನು ಏನೂ ಮಾಡದಿದ್ದರೂ ನನ್ನೊಳಗೆ ಆ ಕೆಲಸ ನಡೆಯುತ್ತಿದೆ ಎನ್ನುವುದು ದೊಡ್ಡ ಧೈರ್ಯವಾಯಿತು.

ತಿಂಗಳು ಕಳೆದು ಸೋಮನೂರಿನಲ್ಲಿ ತೊಟ್ಟಿಲಿಗೆ ಹಾಕುವ ಶಾಸ್ತ್ರ ಇಟ್ಟುಕೊಂಡಾಗ ಅತ್ತೆಯ ಚಿಕ್ಕವ್ವ ಬಂದರು. ಹಣ್ಣು ಹಣ್ಣು ಮುದುಕಿ, ಕೋಲು ಹಿಡಿದು ಬಸ್ಸಿಳಿದು ನಡೆದೇ ಬಂದಿದ್ದರು. ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು, ಕೂತಿದ್ದ ಹೆಂಗಸರಿಗೆಲ್ಲ ಕೇಳುವಂತೆ, "ದೇವ್ರು ದೊಡ್ಡೋನು, ತಾಯಿ ಮಗು ಎರಡೂ ಉಳ್ಕೊಂಡ್ವು. ಇವ್ಳ್ ಹಂಗಾಗ್ಲಿಲ್ಲ. ಇವ್ಳು ತಾಯಿನ ತಿಂದು ಹುಟ್ಟಿದೋಳು" ಎಂದು ಅತ್ತೆಯ ಕಡೆ ಕೈ ತೋರಿಸಿದರು. ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ. ಅಷ್ಟು ವರ್ಷದಿಂದ ಬಾಯಿಗೆ ರೂಢಿಯಾದ ಮಾತು.

ಅತ್ತೆ ಬಾಳೆಎಲೆ ಒರೆಸುತ್ತಿದ್ದವರು ನಿಲ್ಲಿಸಿದರು.

"ನಾನ್ ಯಾರನ್ನೂ ತಿನ್ಲಿಲ್ಲ, ಚಿಕ್ಕವ್ವ" ಅಂದರು. ದನಿ ಏರಿರಲಿಲ್ಲ. "ನಮ್ಮವ್ವನಿಗೆ ರಕ್ತ ನಿಲ್ಲಲಿಲ್ಲ. ನನ್ ಸೊಸೆಗೂ ನಿಲ್ಲಲಿಲ್ಲ. ಇವ್ಳಿಗೆ ಆಸ್ಪತ್ರೆ ಇತ್ತು, ನಮ್ಮವ್ವನಿಗೆ ಇರ್ಲಿಲ್ಲ. ಅಷ್ಟೇ ಯತ್ಯಾಸ. ಇನ್ಮೇಲೆ ಆ ಮಾತು ಹೇಳ್ಬೇಡ."

ಚಿಕ್ಕವ್ವ ತಲೆ ತಗ್ಗಿಸಿ ಮಗುವಿನ ಕೈಯನ್ನೇ ಸವರುತ್ತಾ ಕೂತಿದ್ದರು. ಆಮೇಲೆ, ಯಾರಿಗೂ ಅಲ್ಲದ ಹಾಗೆ, "ನಮ್ಮಕ್ಕನಿಗೂ ಬೆರಳು ಹಿಂಗೇ ಉದ್ದ" ಅಂದರು. "ನೂಲು ಕಿತ್ತೋದ್ರೆ ಅವ್ಳು ಗಂಟು ಹಾಕಿದ್ದು ಗೊತ್ತೇ ಆಗ್ತಿರ್ಲಿಲ್ಲ."

ಅತ್ತೆ ಎಲೆಗಳನ್ನು ಪಕ್ಕಕ್ಕಿಟ್ಟು ಅವರ ಹತ್ತಿರ ಹೋಗಿ ಕೂತರು. ತಮ್ಮ ತಾಯಿಯ ಬಗ್ಗೆ ಅವರು ಕೇಳಿದ ಮೊದಲನೆಯ ಒಳ್ಳೆಯ ಮಾತು ಅದಾಗಿತ್ತಂತೆ. ಹಾಗಂತ ಆಮೇಲೆ ನನಗೆ ಹೇಳಿದರು.

"ಬೆಳ್ಳಗಿದ್ಲಾ?" ಎಂದು ಕೇಳಿದರು.

"ಇಲ್ಲ. ನಿನ್ನಂಗೇ ಕಪ್ಪು. ಗಟ್ಟಿಯಾಗಿ ನಗೋಳು."

"ಹಾಡು ಹೇಳ್ತಿದ್ಲಾ?"

ಊಟಕ್ಕೆ ಎಲೆ ಹಾಕಿ ಕರೆದರೂ ಇಬ್ಬರೂ ಏಳಲಿಲ್ಲ. ಬಡಿಸುವ ಕೆಲಸವನ್ನು ನನ್ನ ಅಮ್ಮನೂ ಬೀದಿಯ ಹೆಂಗಸರೂ ಸೇರಿ ಮುಗಿಸಿದರು. ಸಂಜೆಯ ಬಸ್ಸಿಗೆ ಹೊರಡಬೇಕಿದ್ದ ಚಿಕ್ಕವ್ವ ಅಂದು ಹೋಗಲಿಲ್ಲ, ಮರುದಿನವೂ ಹೋಗಲಿಲ್ಲ.